ಚಿತ್ರಗುರು ಶ್ರೀ ಆರ್. ಎಂ. ಹಡಪದರವರು
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಹಡಪವೆಂದರೆ ಎಲೆಯಡಕೆಯ ಸಂಚಿ. ಕಲ್ಯಾಣದಲ್ಲಿ ಬಸವಣ್ಣನವರ ಬಳಿ ಆ ಸಂಚಿಯನ್ನು ಹಿಡಿದು ನಿಲ್ಲುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಅಪ್ಪಣ್ಣನವರು ವಚನಕಾರರೂ ಆಗಿದ್ದರೆಂಬುದು ತಮಗೆಲ್ಲ ವಿದಿತವೇ ಆಗಿದೆ. ಅದೇ ಹೆಸರನ್ನು ಹೊತ್ತ ಇನ್ನೊಬ್ಬರು ಹಡಪಕ್ಕೆ ಬದಲಾಗಿ ಕುಂಚವನ್ನು ಹಿಡಿದು, ಅದನ್ನು ಪರರ ಕೈಗೆ ಕೊಡುವುದರಲ್ಲಿಯೇ ಆಯುಷ್ಯವನ್ನು ಸವೆಯಿಸಿದರು. ಬೆಂಗಳೂರಿನ ಕೆನ್ ಕಲಾಶಾಲೆಯ ಸಂಸ್ಥಾಪಕರಾದ ಶ್ರೀ ಆರ್. ಎಂ. ಹಡಪದರವರೇ ಅವರು.

ಅವರ ಜನನ 1936ರಲ್ಲಿ, ಬಾದಾಮಿಯಲ್ಲಿ. ಆ ಊರಿನ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೇಶನು ಕ್ರಿ. ಶ. 578ರಲ್ಲಿ ಮಾಡಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಅದರ ಮೇಲ್ಭಾಗದಲ್ಲಿ ಪುರಾತನ ವರ್ಣಚಿತ್ರಗಳ ಕುರುಹುಗಳು ಮಾಸಿ ಮಾಸಿ ಉಳಿದಿವೆ. ಮಾಡಿಸಿದ ಅರಸನ ಹೆಸರು ಉಳಿಯಿತು. ಬಣ್ಣವಿಟ್ಟ ಕೈಗಳ ಹೆಸರು ಉಳಿಯಲಿಲ್ಲ. ಅದೇ ತಾಲೂಕಿನಲ್ಲಿ, ಮಲಪ್ರಭೆಯ ದಡದಲ್ಲಿ, 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಶಿವಯೋಗಮಂದಿರವನ್ನು ಸ್ಥಾಪಿಸಿದ್ದರು.

ಕರಸ್ಥಲದ ಇಷ್ಟಲಿಂಗವನ್ನು ಪೂಜಿಸುವವರಿಗೆ ರೂಪವನ್ನು ಬರೆಯುವವರ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಆದರೆ ಲಿಂಗಪೂಜೆಯ ಮರ್ಮವು ಅನಿಮಿಷದೃಷ್ಟಿಯಲ್ಲಿದೆ: ಕಣ್ಣು ಲಿಂಗವನ್ನು ಬಿಟ್ಟು ಅಲುಗಬಾರದು. ಚಿತ್ರ ಕಲಿಯುವ ಬಾಲಕನ ಮೊದಲ ಪಾಠವೂ ಇದೇ ಜಾತಿಯದು. ತಂಬಿಗೆಯನ್ನು ಬರೆಯೆಂದರೆ ಅವನು ತಂಬಿಗೆಯನ್ನು ನೋಡುವುದೇ ಇಲ್ಲ; ತನ್ನ ಮನಸ್ಸಿನಲ್ಲಿರುವ ತಂಬಿಗೆಯನ್ನು ಕಾಗದಕ್ಕೆ ಇಳಿಸುತ್ತಾನೆ. ಎದುರಿನ ವಸ್ತುವಿನಲ್ಲಿ ದೃಷ್ಟಿ ನಿಲ್ಲುವಂತೆ ಮಾಡುವುದಕ್ಕೇ ಗುರುವಿಗೆ ವರ್ಷಗಳು ಹಿಡಿಯುತ್ತವೆ. ಕೈಯನ್ನು ತಿದ್ದುವುದು ಸುಲಭ, ಕಣ್ಣನ್ನು ತಿದ್ದುವುದು ಕಠಿಣ.

ಈ ಕಠಿಣವಾದ ಕಾಯಕಕ್ಕಾಗಿ ಹಡಪದರವರು 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಶಾಲೆಯನ್ನು ತೆರೆದರು. ಆ ನಗರದಲ್ಲಿ ಎ. ಎನ್. ಸುಬ್ಬರಾಯರ ಕಲಾಮಂದಿರವು 1919ರಿಂದಲೇ ದಾರಿ ಮಾಡಿಕೊಟ್ಟಿತ್ತು. ಆದರೂ ಚಿತ್ರವಿದ್ಯೆಯನ್ನು ನಂಬಿ ಬಾಳುವೆ ಸಾಗುವುದೇ ಎಂಬ ತಾಯಿತಂದೆಗಳ ಶಂಕೆ ಇನ್ನೂ ತೀರಿರಲಿಲ್ಲ. ಶಾಲೆಯ ಹೆಸರೂ ಸೊಗಸಾದುದು. ವ್ಯಾಕರಣವನ್ನೋದಿದವರ ಕಿವಿಗೆ ಕೆನ್ ಎಂದರೆ ಕೆಂಪು. ಕೆಂದಾವರೆ, ಕೆನ್ನೀರು, ಕೆನ್ನಾಲಗೆ ಎಂಬಲ್ಲಿ ಇರುವುದು ಅದೇ.

ಅವರು ಸ್ವತಃ ಚಿತ್ರಕಾರರು ಎಂಬುದನ್ನು ಮರೆಯಲಾಗದು. ಶಿಷ್ಯನ ಗೆರೆಯನ್ನು ತಿದ್ದಲು ಕೊಟ್ಟ ಒಂದೊಂದು ಗಳಿಗೆಯೂ ಗುರುವಿನ ಸ್ವಂತ ಚಿತ್ರಪಟದಿಂದ ಕಿತ್ತುಕೊಟ್ಟದ್ದೇ. ಇದು ನಷ್ಟವೇ ಸರಿ. ನಷ್ಟವಲ್ಲವೆಂದು ಹೇಳುವುದು ಬರಿಯ ಉಪಚಾರ. ದಾಸೋಹವೆಂದರೆ ಉಂಡು ಮಿಕ್ಕದ್ದನ್ನು ನೀಡುವುದಲ್ಲವಷ್ಟೆ. ಗೋಡೆಗೆ ತೂಗುಹಾಕಿದ ಪಟವು ಸ್ಥಾವರ, ಕಲಿತು ಹೊರಟ ಶಿಷ್ಯನು ಜಂಗಮ. ಹಡಪದರವರು ಆರಿಸಿಕೊಂಡದ್ದು ಎರಡನೆಯದನ್ನು.

ಆ ಶಿಷ್ಯವೃಂದದಲ್ಲಿ ಒಬ್ಬರನ್ನಾದರೂ ಹೆಸರಿಸಬೇಕು. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಅವರು ಹಡಪದರವರಲ್ಲಿ ಕಲಿತು, ಮುಂದೆ ಶಾಂತಿನಿಕೇತನಕ್ಕೂ ಲಂಡನ್ನಿಗೂ ಹೋಗಿ ಬಂದರು. 1990ರ ದಶಕದಲ್ಲಿ ಅವರು ತೈಲವರ್ಣವನ್ನು ಬದಿಗಿಟ್ಟು ಗೋಮಯವನ್ನೇ ಕಲೆಯ ದ್ರವ್ಯವಾಗಿ ತೆಗೆದುಕೊಂಡಾಗ ಹುಬ್ಬೇರಿಸಿದವರುಂಟು. ಗೋಮಯವನ್ನು ಸುಟ್ಟು ಭಸ್ಮವಾಗಿಸಿ ಹಣೆಗೆ ಧರಿಸುವ ಶರಣರಿಗೆ ಅದರಲ್ಲಿ ಅಚ್ಚರಿಯೇನು? ಶಿವಯೋಗಮಂದಿರದ ವಿಭೂತಿಯೂ ಅದರಿಂದಲೇ ಆಗುವುದು. ಆಮೇಲೆ ಅವರು ನೂರಾರು ಸೂಜಿಗಳಲ್ಲಿ ನೂಲನ್ನು ಪೋಣಿಸಿ, ಅದಕ್ಕೆ ಕುಂಕುಮವನ್ನು ಲೇಪಿಸಿ, ಉದ್ದುದ್ದವಾದ ಕೆಂಪು ಹಗ್ಗಗಳನ್ನು ಮಾಡಿದರು. 2009ರಲ್ಲಿ ಇಟಲಿಯ ವೆನಿಸ್ ನಗರದ ಪ್ರಖ್ಯಾತ ಕಲಾಮೇಳದಲ್ಲಿ ಅವರ ಕೃತಿಗೆ ಸ್ಥಳ ದೊರೆಯಿತು. ಹಡಪದರವರು ಅದಕ್ಕೆ ಆರು ವರ್ಷ ಮೊದಲೇ, 2003ರಲ್ಲಿ, ಲಿಂಗೈಕ್ಯರಾಗಿದ್ದರು.