ಹೊಟ್ಟೆಗೆ ಕಾಮಿಕ್ಸ್ ಕಟ್ಟಿಕೊಂಡು ನಿಂತ ನೌಕಾಪಡೆ

ಜಪಾನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಬುಲೆಟ್ ಟ್ರೇನ್, ಕ್ಯಾಮೆರಾ, ಕಾರು. ಅದೇ ಜಪಾನಿನ ಯುದ್ಧನೌಕೆಯಲ್ಲಿ ನಾವಿಕರು ಗುಂಡೇಟಿನಿಂದ ಬಚಾವಾಗೋಕೆ ಹೊಟ್ಟೆ ಸುತ್ತ ಕಾಮಿಕ್ಸ್ ಪುಸ್ತಕ ಇಟ್ಟು ಟೇಪ್ ಸುತ್ತಿಕೊಂಡಿದ್ದರು ಅಂದ್ರೆ ನಂಬ್ತೀರಾ? ತಮಾಷೆ ಮಾಡ್ತಿಲ್ಲ. ಇವತ್ತಿನ ಮಾತು ಅದರದ್ದೇ.

1999ರ ಮಾರ್ಚ್ 23. ಜಪಾನಿನ ಪಶ್ಚಿಮಕ್ಕೆ ನೋಟೋ ಪರ್ಯಾಯ ದ್ವೀಪದ ಆಚೆ ಸಮುದ್ರದಲ್ಲಿ ಎರಡು ದೋಣಿಗಳು. ಮೇಲೆ ಜಪಾನಿ ಹೆಸರು ಬರೆದಿದೆ, ನೋಡೋಕೆ ಮೀನುಗಾರರ ದೋಣಿಯೇ. ಆದರೆ ಮೀನು ಹಿಡಿಯೋ ಲಕ್ಷಣವೇ ಇಲ್ಲ! ಕರಾವಳಿ ರಕ್ಷಣಾ ಪಡೆ ಬೆನ್ನಟ್ಟಿತು, ಆಗಲಿಲ್ಲ. ಮಧ್ಯರಾತ್ರಿ ಕಳೆದ ಮೇಲೆ ಒಬುಚಿ ಸರ್ಕಾರ ನೌಕಾಪಡೆಗೇ ಆದೇಶ ಕೊಟ್ಟಿತು. 1954ರಲ್ಲಿ ಆತ್ಮರಕ್ಷಣಾ ಪಡೆ ಹುಟ್ಟಿದ ಮೇಲೆ ಇಂಥ ಆದೇಶ ಹೊರಬಿದ್ದಿದ್ದು ಅದೇ ಮೊದಲು. ಮ್ಯೋಕೋ ಅನ್ನೋ ಡೆಸ್ಟ್ರಾಯರ್ ಎಚ್ಚರಿಕೆಯ ಗುಂಡು ಹಾರಿಸಿತು. ವಿಮಾನಗಳು ದೋಣಿಯ ಆಸುಪಾಸಿನ ನೀರಿಗೆ ಬಾಂಬ್ ಹಾಕಿದವು.

ಒಂದು ದೋಣಿ ನಿಂತೇಬಿಡ್ತು.

ಈಗ ಬಂತು ನೋಡಿ ಫಜೀತಿ. ನಿಂತ ದೋಣಿಗೆ ಹತ್ತೋರು ಯಾರು? ಒಳಗಿರೋರು ಉತ್ತರ ಕೊರಿಯಾದ ಪಳಗಿದ ಏಜೆಂಟರು ಅನ್ನೋ ಅನುಮಾನ. ಈ ಕಡೆ ಇರೋರು ರೇಡಾರ್ ನೋಡೋರು, ಎಂಜಿನ್ ನೋಡೋರು. ಗುಂಡು ನಿರೋಧಕ ಜಾಕೆಟ್ ಕೂಡ ಇಲ್ಲ. ಮ್ಯೋಕೋದ ನ್ಯಾವಿಗೇಷನ್ ಅಧಿಕಾರಿಯಾಗಿದ್ದ ಇಟೋ ಸುಕೆಯಾಸು ಮುಂದೆ ಬರೆದಿರೋ ಪ್ರಕಾರ, ಕಾಮಿಕ್ಸ್ ಸುತ್ತಿಕೊಂಡು ಸಾಲಾಗಿ ನಿಂತಿದ್ದು ಈ ಹುಡುಗರೇ. ಹೋದರೆ ವಾಪಸ್ ಬರಲ್ಲ ಅಂತ ಕಳಿಸೋರಿಗೂ ಗೊತ್ತು, ಹೋಗೋರಿಗೂ ಗೊತ್ತು. ಅಷ್ಟರಲ್ಲಿ ದೋಣಿಯ ಎಂಜಿನ್ ಮತ್ತೆ ಶುರುವಾಯ್ತು. ಅದು ಉತ್ತರ ಕೊರಿಯಾದ ದಿಕ್ಕಿಗೆ ಪರಾರಿ. ಹುಡುಗರ ಜೀವ ಉಳೀತು. ದೋಣಿಯೊಳಗೆ ಅಪಹರಣಕ್ಕೊಳಗಾದ ಜಪಾನಿಯರು ಇದ್ದರೋ ಏನೋ ಅನ್ನೋ ಕೊರಗೂ ಉಳೀತು. ಸುಮ್ಮನೆ ಹುಟ್ಟಿದ ಕೊರಗಲ್ಲ ಅದು. 1977ರಲ್ಲಿ ನಿಗಾತಾದಲ್ಲಿ ಶಾಲೆಯಿಂದ ಮನೆಗೆ ಹೊರಟ 13 ವರ್ಷದ ಮೆಗುಮಿ ಯೊಕೋಟಾ ಮನೆ ಸೇರಲೇ ಇಲ್ಲ. ಅಪಹರಿಸಿದ್ದು ನಾವೇ ಅಂತ ಉತ್ತರ ಕೊರಿಯಾ ಒಪ್ಪಿದ್ದು 2002ರಲ್ಲಿ!

ಆ ರಾತ್ರಿಯ ಅವಮಾನವೇ ಒಂದು ಪಡೆಯನ್ನ ಹುಟ್ಟುಹಾಕಿತು. 2001ರ ಮಾರ್ಚ್‌ನಲ್ಲಿ ಹಿರೋಷಿಮಾ ಪ್ರಾಂತ್ಯದ ಎತಾಜಿಮಾದಲ್ಲಿ ಸ್ಪೆಷಲ್ ಬೋರ್ಡಿಂಗ್ ಯುನಿಟ್ ಶುರುವಾಯ್ತು. ಹಿಂದೆ ಚಕ್ರವರ್ತಿಯ ನೌಕಾಪಡೆಯ ಅಕಾಡೆಮಿ ಇದ್ದ ಊರು ಅದು. ಕಟ್ಟಿದವರಲ್ಲಿ ಇಟೋ ಕೂಡ ಒಬ್ಬರು. ಪಾಠ ಹೇಳೋಕೆ ಬ್ರಿಟನ್ನಿನ ಎಸ್‌ಬಿಎಸ್ ನೆರವಾಯ್ತು. ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯೋದು, ವೇಗದ ಚಿಕ್ಕ ದೋಣಿಯಲ್ಲಿ ಹೋಗಿ ಹಡಗು ಹತ್ತೋದು, ಇಕ್ಕಟ್ಟಿನಲ್ಲಿ ಕೈ ಕೈ ಕಾದಾಟ. 2004ರಲ್ಲಿ ಭೂಸೇನೆಯೂ ನರಾಶಿನೋದಲ್ಲಿ ತನ್ನದೇ ವಿಶೇಷ ಪಡೆ ಮಾಡಿಕೊಂಡಿತು. ಇವರೆಲ್ಲ ಸಾರ್ವಜನಿಕವಾಗಿ ಕಾಣಿಸಿಕೊಂಡರೂ ಮುಖ ಮುಚ್ಚಿಕೊಂಡೇ ಇರ್ತಾರೆ. ಇರಲಿ, ಅವರ ಹೆಂಡತಿ ಮಕ್ಕಳ ಸುರಕ್ಷತೆಯ ಪ್ರಶ್ನೆ ಅದು. ನನ್ನ ತಕರಾರಿಲ್ಲ.

ನನ್ನ ತಕರಾರು ಇರೋದು 2008ರ ಸೆಪ್ಟೆಂಬರ್ ಬಗ್ಗೆ. 25 ವರ್ಷದ ಒಬ್ಬ ತರಬೇತಿಯ ಹುಡುಗ, ಇದು ನನ್ನಿಂದಾಗಲ್ಲ, ಬಿಡ್ತೀನಿ ಅಂದ. ಬಿಡಲಿ ಬಿಡಿ, ತಪ್ಪೇನು? ಹೋಗೋ ಮುಂಚೆ ಅವನನ್ನ ಮ್ಯಾಟ್ ಮೇಲೆ ನಿಲ್ಲಿಸಿದರು. ಎದುರಿಗೆ 15 ಮಂದಿ, ಒಬ್ಬರಾದ ಮೇಲೆ ಒಬ್ಬರು. 14ನೆಯವನ ಹೊಡೆತಕ್ಕೆ ಬಿದ್ದವನು ಮತ್ತೆ ಏಳಲಿಲ್ಲ. ಎರಡು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಮನೆಯವರಿಗೆ ಸಿಕ್ಕ ವಿವರಣೆ ಏನು ಗೊತ್ತಾ? ಅದು ಬೀಳ್ಕೊಡುಗೆಯಂತೆ! ಅಲ್ರೀ, 15 ಜನ ಸರದಿಯಲ್ಲಿ ಹೊಡೆಯೋದಕ್ಕೆ ಯಾವ ಊರಲ್ಲಿ ಬೀಳ್ಕೊಡುಗೆ ಅಂತಾರೆ? ಸೇನೆಯ ಗೌಪ್ಯ ಅಂದ್ರೆ ಶತ್ರುವಿನಿಂದ ಮುಚ್ಚಿಡೋದು. ಹೆತ್ತವರಿಂದ ಮುಚ್ಚಿಡೋದಲ್ಲ.

ಅಕ್ಟೋಬರ್‌ನಲ್ಲಿ ಪತ್ರಿಕೆಗಳಿಗೆ ಸುದ್ದಿ ಸಿಕ್ಕ ಮೇಲೇ ದೇಶಕ್ಕೆ ಗೊತ್ತಾಗಿದ್ದು. ಅದಕ್ಕೂ ಮೊದಲು ಬಿಟ್ಟು ಹೊರಟಿದ್ದ ಇನ್ನೊಬ್ಬನಿಗೂ ಇದೇ ಮರ್ಯಾದೆ ಆಗಿತ್ತು ಅನ್ನೋದೂ ಆಮೇಲೇ ಹೊರಬಿತ್ತು. ಈ ಹುಡುಗ ಬೇರೆ ಕೆಲಸಕ್ಕೆ ಹೊರಡೋಕೆ ಇನ್ನು ಕೆಲವೇ ದಿನ ಬಾಕಿ ಇತ್ತು.