ರಕ್ತದ ರಿಪೋರ್ಟು ಮತ್ತು ನಮ್ಮ ಸಾಕ್ಷ್ಯ

(ಜನವಾಡದಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್, ಸಲಾಮ್.



ಸಾಕ್ಷ್ಯ ನಮ್ಮ ವಿರುದ್ಧವೇ ಹೋದರೂ ಸತ್ಯವನ್ನೇ ನುಡಿಯಬೇಕೆಂದು ಅಲ್ಲಾಹನು ಸೂರಃ ಅನ್ನಿಸಾದ 135ನೇ ಆಯತ್‌ನಲ್ಲಿ ಆಜ್ಞಾಪಿಸಿದ್ದಾನೆ. ಈ ಆಜ್ಞೆ ಕೋರ್ಟಿಗೆ, ಪಂಚಾಯಿತಿಗೆ ಮಾತ್ರವಲ್ಲ. ಡಾಕ್ಟರ ಮುಂದೆ ಕುಳಿತಾಗಲೂ ನಮಗೆ ಅನ್ವಯಿಸುತ್ತದೆ.

ನಮ್ಮ ಹಿರಿಯರೊಬ್ಬರ ಮಾತನ್ನು ಅವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ಒಂದು ದಿನ ಇಶಾ ನಮಾಝಿನ ಬಳಿಕ ಹೈದರಾಬಾದಿನಲ್ಲಿ ಮಾಡಿಸಿದ ರಕ್ತದ ರಿಪೋರ್ಟು ತೋರಿಸಿದರು. ‘ಹೊಟ್ಟೆಯ ಪೆಪ್ಸಿನೋಜನ್ ನಾರ್ಮಲ್ ಇದೆ ಮೌಲಾನಾ, ಇನ್ನು ಬೀಡಿ ಯಾಕೆ ಬಿಡಬೇಕು?’ ಎಂದರು. ಬೀಡಿಯ ವಿಷಯ ಡಾಕ್ಟರಿಗೆ ಹೇಳಿದ್ದೀರಾ ಎಂದೆ. ‘ಮಗ ಪಕ್ಕದಲ್ಲೇ ಇದ್ದ, ಹೇಗೆ ಹೇಳಲಿ?’ ಎಂದು ತಲೆ ತಗ್ಗಿಸಿದರು.

ನಾನು ವೈದ್ಯನಲ್ಲ. ಬಲ್ಲವರಿಂದ ಕೇಳಿ, ಓದಿ ತಿಳಿದದ್ದು ಇಷ್ಟು. ಜಠರದ ಗ್ರಂಥಿಗಳು ಪೆಪ್ಸಿನೋಜನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಅದರ ಸ್ವಲ್ಪ ಅಂಶ ರಕ್ತಕ್ಕೂ ಸೇರುತ್ತದೆ. ಅದರಲ್ಲಿ ಒಂದು ಮತ್ತು ಎರಡು ಎಂಬ ಬಗೆಗಳಿವೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು ಜಠರಕ್ಕೆ ಸೇರಿ ಉರಿಯೂತ ಎಬ್ಬಿಸಿದಾಗ ಎರಡೂ ಏರುತ್ತವೆ, ಎರಡನೆಯದು ಹೆಚ್ಚು ಏರುತ್ತದೆ. ವರ್ಷಗಟ್ಟಲೆ ಸೋಂಕು ಉಳಿದು ಗ್ರಂಥಿಗಳು ಸವೆದರೆ ಮೊದಲನೆಯದು ಇಳಿಯುತ್ತದೆ. ಏರಿದ್ದು ಇಳಿಯುವಾಗ ನಡುವೆ ನಾರ್ಮಲ್ ಅಂಕಿಯನ್ನೂ ದಾಟಿಯೇ ಹೋಗುತ್ತದಲ್ಲವೇ? ಧೂಮಪಾನಿಗಳಲ್ಲಿ ಮೊದಲನೆಯ ಬಗೆ ಹೆಚ್ಚಾಗಿರುವುದು ಅಧ್ಯಯನಗಳಲ್ಲಿ ಕಂಡಿದೆ. ಆಮ್ಲ ತಗ್ಗಿಸುವ ಗ್ಯಾಸ್ ಮಾತ್ರೆಯೂ ಅಂಕಿಯನ್ನು ಏರಿಸುತ್ತದೆ. ಆದ್ದರಿಂದ ಬೀಡಿಯನ್ನೂ ಮಾತ್ರೆಯನ್ನೂ ಮುಚ್ಚಿಟ್ಟರೆ ಡಾಕ್ಟರು ಆ ಅಂಕಿಯನ್ನು ಸರಿಯಾಗಿ ಓದುವುದಾದರೂ ಹೇಗೆ?

ಈ ರೋಗಾಣುವನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಸೋಂಕಿದ್ದವರಿಗೆಲ್ಲ ಕ್ಯಾನ್ಸರ್ ಬರುತ್ತದೆಂದಲ್ಲ, ಭಯ ಬೇಡ. ಆದರೆ ತಂಬಾಕಿನ ಹೊಗೆಯೂ ಜಠರದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ.

ಅಲ್ಲಾಹನು ಔಷಧಿಯಿಲ್ಲದ ರೋಗವನ್ನು ಇಳಿಸಿಲ್ಲವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ಸೋಂಕಿಗೂ ಔಷಧಿಯಿದೆ; ಸಾಮಾನ್ಯವಾಗಿ 14 ದಿನ. ಉರಿ ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬೇಡಿ. ಧೂಮಪಾನ ಮಾಡುವವರಲ್ಲಿ ಈ ಚಿಕಿತ್ಸೆ ವಿಫಲವಾಗುವ ಸಂಭವ ಹೆಚ್ಚು ಎಂಬುದೂ ನೆನಪಿರಲಿ. ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ – ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಯುವಕರೇ, ತಂದೆ ತಪ್ಪು ಒಪ್ಪಿಕೊಂಡಾಗ ಗದರಬೇಡಿ. ಸತ್ಯ ಹೇಳಲು ಹೆದರುವ ಮನೆಯಲ್ಲಿ ರೋಗ ಅಡಗಿ ಕೂರುತ್ತದೆ. ಆ ಹಿರಿಯರು ಈ ವಾರ ಮಗನನ್ನೇ ಕರೆದುಕೊಂಡು ಹೋಗಿ ಡಾಕ್ಟರಿಗೆ ಎಲ್ಲ ಹೇಳಿ ಬಂದರು. ಮಗನಿಗೆ ಬೀಡಿಯ ವಿಷಯ ಮೊದಲೇ ಗೊತ್ತಿತ್ತಂತೆ!

ದೇಹ ಅಲ್ಲಾಹನು ಕೊಟ್ಟ ಅಮಾನತ್ತು. ನಾಳೆ ಅದರ ಲೆಕ್ಕ ಕೊಡುವ ಮೊದಲು ಇಂದು ಡಾಕ್ಟರ ಮುಂದೆ ಸತ್ಯ ಹೇಳೋಣ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಕೆಟ್ಟ ಚಟ ಬಿಡುವ ಬಲವನ್ನು ನಮಗೆಲ್ಲ ಕರುಣಿಸಲಿ. ಆಮೀನ್.