ಬ್ರೇಕ್ ಪ್ಯಾಡೂ ಕೆಲಸಗಾರನ ಉಸಿರೂ

(ನೀಲಗಿರಿಯ ಚಾಲಕರು ಮತ್ತು ಗ್ಯಾರೇಜ್ ಕೆಲಸಗಾರರ ಕೂಟದಲ್ಲಿ ಆಡಿದ ಮಾತು)



ಉದಕಮಂಡಲದಿಂದ ಕಲ್ಲಟ್ಟಿ ಮಾರ್ಗವಾಗಿ ಮಸಿನಗುಡಿಗೆ ಇಳಿಯುವವನು 36 ಕಡಿದಾದ ತಿರುವುಗಳನ್ನು ದಾಟಬೇಕು. ಕೆಳಗಿನ ಗೇರಿನಲ್ಲಿ ಇಳಿದರೂ, ಕಡೆಗೆ ಕಾರನ್ನು ಹಿಡಿದು ನಿಲ್ಲಿಸುವುದು ಬ್ರೇಕೇ.

ಪ್ಯಾಡು ಸವೆಯುವುದಕ್ಕೆಂದೇ ಮಾಡಿದ ವಸ್ತು. ಅದರ ಉಜ್ಜುವ ಪದರ 3 ಮಿಲಿಮೀಟರಿಗೆ ಇಳಿದರೆ ಬದಲಿಸಿಬಿಡಿ. ಕಿರ್ರೆನ್ನುವ ಸದ್ದಿಗಾಗಿ ಕಾಯಬೇಡಿ. ಹಿಂದಿನ ಉಕ್ಕಿನ ತಗಡು ಡಿಸ್ಕಿಗೆ ತಾಗಿತೆಂದರೆ ಡಿಸ್ಕೂ ಹಾಳು, ಬ್ರೇಕೂ ಹಿಡಿಯದು. "ಇನ್ನೊಂದು ಟ್ರಿಪ್ ಆಗಲಿ" ಎನ್ನುವ ಮಾಲೀಕರ ಕೈಗೆ ಆ ಸವೆದ ಪ್ಯಾಡನ್ನೇ ಬಿಚ್ಚಿ ಕೊಡಿ. ಒಬ್ಬನೇ ಹೇಳಿದರೆ ಕೆಲಸ ಹೋದೀತು. ಸ್ಟ್ಯಾಂಡಿನವರೆಲ್ಲ ಸೇರಿ ಹೇಳಿದರೆ ಅವರೂ ಯೋಚಿಸುತ್ತಾರೆ.

ಬದಲಿಸುವಾಗ ಗಾಡಿ ಸಮನೆಲದಲ್ಲಿರಲಿ, ಗಾಲಿಗೆ ಕಲ್ಲು ಕೊಡಿ, ಜಾಕೊಂದನ್ನೇ ನಂಬದೆ ಕೆಳಗೆ ಸ್ಟ್ಯಾಂಡ್ ಇಡಿ. ಎಡ ಬಲ ಎರಡೂ ಗಾಲಿಗೆ ಒಟ್ಟಿಗೇ ಹೊಸದು ಹಾಕಿ. ಪಿಸ್ಟನ್ ಒಳಕ್ಕೆ ಒತ್ತುವಾಗ ಬ್ರೇಕ್ ಆಯಿಲ್ ಡಬ್ಬಿಯಿಂದ ಚೆಲ್ಲದಂತೆ ನೋಡಿಕೊಳ್ಳಿ. ಪ್ಯಾಡಿಗೆ ಎಣ್ಣೆ, ಗ್ರೀಸು ತಾಗಕೂಡದು. ಕೆಲಸ ಮುಗಿದ ಮೇಲೆ ಪೆಡಲು ಗಟ್ಟಿಯಾಗುವ ತನಕ ಒತ್ತಿ, ಆಮೇಲೆಯೇ ಗಾಡಿ ಕದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹಳತಾದರೆ ಘಾಟಿಯ ಕಾವಿಗೆ ಕುದಿದು ಪೆಡಲು ಜಗ್ಗನೆ ಕೆಳಗಿಳಿಯುತ್ತದೆ. ಅದನ್ನೂ ಕಾಲಕಾಲಕ್ಕೆ ಬದಲಿಸಿ.

ಇಷ್ಟೂ ಪ್ರಯಾಣಿಕನ ಕ್ಷೇಮದ ಮಾತಾಯಿತು. ಗಾಲಿಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತವನ ಕ್ಷೇಮವೇನು? ಗಾಲಿ ಬಿಚ್ಚಿದೊಡನೆ ಏರ್ ಹೊಡೆದು, ಇಲ್ಲವೇ ಬಾಯಿಂದ ಊದಿ, ಕರಿಧೂಳನ್ನು ಹಾರಿಸುವುದು ನಮ್ಮಲ್ಲಿ ರೂಢಿ. ಬಹುಕಾಲ ಬ್ರೇಕಿನ ಪದರಗಳಲ್ಲಿ ಕಲ್ನಾರು ಸೇರಿಸುತ್ತಿದ್ದರು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶದಲ್ಲಿ ನಾಟಿ, ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರ್ ಆಗಿ ಹೊರಡಬಲ್ಲವು. ಈಗ ಕಲ್ನಾರಿಲ್ಲದ ಪ್ಯಾಡುಗಳು ಬಂದಿವೆ, ನಿಜ. ಆದರೆ ಹಳೆಯ ಗಾಡಿಯಲ್ಲಿ ಯಾವುದಿದೆಯೆಂದು ಕಣ್ಣಿಗೆ ಕಾಣದು. ಆದಕಾರಣ ಎಲ್ಲ ಧೂಳನ್ನೂ ಕಲ್ನಾರೆಂದೇ ಎಣಿಸಿ.

ಏರ್ ಹೊಡೆಯಬೇಡಿ, ಒಣಬ್ರಷ್ ಹಾಕಬೇಡಿ. ನೀರಿನಿಂದ ಮೆಲ್ಲಗೆ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಒಣಗುವ ಮೊದಲೇ ಚೀಲದಲ್ಲಿ ಕಟ್ಟಿ. ಮೂಗಿಗೆ ಕಟ್ಟಿದ ಟವೆಲು ಆ ಎಳೆಗಳನ್ನು ತಡೆಯದು. ಕೆಲಸದ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ.

ಕಲ್ನಾರು ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ, ಕಾರ್ಮಿಕನ ಆರೋಗ್ಯವು ಅವನ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿದೆ. ಆದುದರಿಂದ ನೀರು, ಸರಿಯಾದ ಮಾಸ್ಕು, ಬಟ್ಟೆ ಬದಲಿಸಲು ಒಂದು ಮರೆ, ಇವನ್ನು ಕೇಳುವುದು ಬೇಡಿಕೊಂಡಂತಲ್ಲ. ಈ ಮೂರನ್ನೂ ಸಂಘದ ಮುಂದಿನ ಬೇಡಿಕೆಪಟ್ಟಿಯಲ್ಲಿ ಬರೆಸೋಣ. ಒಂದು ಬಕೆಟ್ ನೀರನ್ನಾದರೋ ನಾಳೆ ಬೆಳಿಗ್ಗೆಯೇ ಇಡಬಹುದು.